ಪಾಂತೇಲಿ ತನ್ನ ತಿಥಿಯೂಟಕ್ಕೆ ಕೂತದ್ದು

ನನ್ನ ಗಂಡ ಪಾಂತೇಲಿ ಮೂವತ್ತೆಂಟು ವರ್ಷ ಜಿಯು ನದಿಯ ನೀರು ಅಳೆದ. ಬೆಳಿಗ್ಗೆ ಏಳಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ದಂಡೆಗೆ ಹೋಗಬೇಕು. ಅಲ್ಲಿ ನೆಟ್ಟಿರುವ ಅಳತೆಕಂಬದ ಮೇಲೆ ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿ, ಚೀಟಿಯಲ್ಲಿ ಬರೆದುಕೊಂಡು, ಕ್ರಾಯೋವಾ ಪಟ್ಟಣದ ಆಫೀಸಿಗೆ ಫೋನು ಮಾಡಿ ಹೇಳಬೇಕು. ಕೆಲಸವೆಂದರೆ ಇಷ್ಟೇ. ಒಂದು ದಿನ ನೀರು ಏರಿರುತ್ತಿತ್ತು, ಒಂದು ದಿನ ಇಳಿದಿರುತ್ತಿತ್ತು. ಅವನು ಅದನ್ನು ತಡೆಯಬೇಕಾಗಿರಲಿಲ್ಲ, ನೋಡಿದರೆ ಸಾಕಿತ್ತು. ಅವನಿಗೆ ಹೇಳಿ ಮಾಡಿಸಿದ ಕೆಲಸ.

ನಮ್ಮ ಸಾಲ್ಚಿಯಾ ಊರಿನಲ್ಲಿ ಅವನನ್ನು ಶುಭಕಾರ್ಯಗಳಿಗೆ ಕರೆಯುತ್ತಿದ್ದರು, ಆದರೆ ಮೂಲೆಯ ಮೇಜಿನಲ್ಲಿ ಕೂರಿಸುತ್ತಿದ್ದರು. ಯಾರದೋ ಮನೆಯಲ್ಲಿ ಮಗು ಹುಟ್ಟಿತು ಎಂದರೆ ಎಲ್ಲರೂ "ನೂರು ವರ್ಷ ಬಾಳಲಿ" ಅನ್ನುತ್ತಾರೆ. ಇವನು "ನೂರು ವರ್ಷವೇ? ಪಾಪ, ಅಷ್ಟು ಯಾಕೆ?" ಅನ್ನುತ್ತಿದ್ದ. ವ್ಯಂಗ್ಯಕ್ಕೆ ಅಂದದ್ದಲ್ಲ, ನಿಜವಾಗಿಯೂ ಮರುಗಿ ಅಂದದ್ದು. ಅದೇ ಜನ ಮನೆಯಲ್ಲಿ ಸಾವಾದರೆ ಮಾತ್ರ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ತನ್ನ ಮಗ ಗಣಿಯಲ್ಲಿ ಸತ್ತ ವಾರ ನಮ್ಮ ಬೀದಿಯ ಒಬ್ಬಳು ಪ್ರತಿ ಮಧ್ಯಾಹ್ನ ನಮ್ಮ ಬೆಂಚಿನ ಮೇಲೆ ಇವನ ಪಕ್ಕ ಬಂದು ಕೂರುತ್ತಿದ್ದಳು. ಉಳಿದವರೆಲ್ಲ ಅವಳಿಗೆ ಸಮಾಧಾನ ಹೇಳುತ್ತಿದ್ದರು. ಇವನು ಏನನ್ನೂ ಹೇಳುತ್ತಿರಲಿಲ್ಲ, ಬಟಾಣಿ ಸುಲಿಯುತ್ತಾ ಕೂತಿರುತ್ತಿದ್ದ. ಅದು ಅವಳಿಗೆ ಹಿಡಿಸಿತ್ತು.

ಇದಕ್ಕೆಲ್ಲ ಕಾರಣ ಒಂದು ಪುಸ್ತಕ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನಿಗೆ ಶ್ವಾಸಕೋಶದ ಕಾಯಿಲೆ ಬಂದು ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ಒಂಬತ್ತು ತಿಂಗಳು ಮಲಗಿದ್ದ. ಪಕ್ಕದ ಮಂಚದಲ್ಲಿ ಕೆಲಸ ಕಳೆದುಕೊಂಡ ಒಬ್ಬ ಮೇಷ್ಟರು. ಆ ಮೇಷ್ಟರು ದಿಂಬಿನ ಕೆಳಗೆ ರಟ್ಟೇ ಇಲ್ಲದ ಒಂದು ಪುಸ್ತಕ ಇಟ್ಟುಕೊಂಡಿದ್ದರು. ಆ ಕಾಲದಲ್ಲಿ ಎಲ್ಲರೂ ನಗುನಗುತ್ತಾ ನಾಳೆಯನ್ನು ಕಟ್ಟಬೇಕು ಎಂದು ಸರ್ಕಾರದ ಕಟ್ಟಪ್ಪಣೆಯಿತ್ತು, ಬದುಕೇ ದುಃಖ ಎನ್ನುವ ಪುಸ್ತಕ ಕೈಯಲ್ಲಿ ಕಂಡರೆ ಕಷ್ಟ. ಅದಕ್ಕೇ ಅವರು ರಟ್ಟನ್ನೂ ಹೆಸರಿದ್ದ ಹಾಳೆಯನ್ನೂ ಕಿತ್ತು ಒಲೆಗೆ ಹಾಕಿದ್ದರು. ಮೇಷ್ಟರು ಸತ್ತಾಗ ಪುಸ್ತಕ ಪಾಂತೇಲಿಗೆ ಬಂತು. ಬರೆದವನು ಯಾರು ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಯಾರೋ ಪಂಡಿತ, ಬಹಳ ಹಿಂದೆಯೇ ಸತ್ತವನು. ನಾನು ಅದನ್ನು ಬೋಳು ಪುಸ್ತಕ ಎಂದು ಕರೆಯುತ್ತಿದ್ದೆ.

ಮದುವೆಯಾದ ಹೊಸದರಲ್ಲಿ ಅವನು ನನಗೆ ಅದರಿಂದ ಓದಿ ಹೇಳುತ್ತಿದ್ದ. ನಾನು ಕೋಸು ಹೆಚ್ಚುತ್ತಾ ಕೇಳುತ್ತಿದ್ದೆ. ಬಯಕೆ ಎಂಬುದು ತುರಿ, ಸುಖ ಎಂಬುದು ಅದನ್ನು ಕೆರೆದುಕೊಳ್ಳುವುದು, ಕೆರೆದಷ್ಟೂ ತುರಿ ಹೆಚ್ಚು, ಇದೇ ಬದುಕು ಎಂದು ಪಂಡಿತ ಬರೆದಿದ್ದ. ಹುಟ್ಟಿದವರೆಲ್ಲ ಏನನ್ನಾದರೂ ಕಳೆದುಕೊಂಡೇ ತೀರಬೇಕು, ಹುಟ್ಟದವನು ಏನನ್ನೂ ಕಳೆದುಕೊಂಡಿಲ್ಲ ಎಂದೂ ಬರೆದಿದ್ದ.

"ಎಷ್ಟು ಸರಿಯಾಗಿ ಹೇಳಿದ್ದಾನೆ ನೋಡು" ಎಂದು ಪಾಂತೇಲಿ ಅನ್ನುತ್ತಿದ್ದ.

"ಸರಿಯಾಗೇ ಹೇಳಿದ್ದಾನೆ ಮಾರಾಯ, ಹಂದಿಗೆ ಕಲಗಚ್ಚು ಹಾಕಿದ್ದೀಯಾ?" ಎಂದು ನಾನು ಕೇಳುತ್ತಿದ್ದೆ.

ಹಾಕಿರುತ್ತಿದ್ದ. ಅವನ ಮೇಲೆ ದೂರು ಹೇಳಲು ಬರುವುದಿಲ್ಲ. ಆ ಪುಸ್ತಕ ಓದಿ ಅವನು ಸೋಮಾರಿಯಾಗಲಿಲ್ಲ, ಕುಡುಕನಾಗಲಿಲ್ಲ. ಎಲ್ಲ ಜೀವವೂ ನೋವಿನಲ್ಲಿದೆ ಎಂದು ನಂಬಿದ್ದರಿಂದ ಎರೆಹುಳವನ್ನೂ ದಾಟಿಕೊಂಡು ನಡೆಯುತ್ತಿದ್ದ, ಬೀದಿನಾಯಿಗಳಿಗೆ ರೊಟ್ಟಿ ಹಾಕುತ್ತಿದ್ದ. ನನ್ನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ, ದನಿಯೂ ಎತ್ತಲಿಲ್ಲ. ಬಾವಿಕಟ್ಟೆಯ ಹೆಂಗಸರು ನನ್ನ ಪುಣ್ಯಕ್ಕೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಆದರೆ ಏನನ್ನೂ ಬಯಸದವನ ಜೊತೆ ಸಂಸಾರ ಮಾಡಿ ನೋಡಬೇಕು. ಹೊಸ ಪರದೆ ತಂದರೆ "ಸರಿ" ಅನ್ನುತ್ತಾನೆ. ಪರದೆ ಸುಟ್ಟುಹೋದರೂ "ಸರಿ" ಅನ್ನುತ್ತಾನೆ. ಜಗಳವಾಡಲು ಹೋದರೆ ಗೋಡೆಗೆ ಗುದ್ದಿದ ಹಾಗೆ, ನೋವು ನನ್ನ ಕೈಗೇ. ಒಂದು ವಸಂತದಲ್ಲಿ ನದಿ ಉಕ್ಕುತ್ತಿದೆ ಎಂದು ಇವನು ಹೊತ್ತಿಗೆ ಸರಿಯಾಗಿ ಫೋನು ಮಾಡಿದ್ದರಿಂದ ಕೆಳಗಿನ ಬೀದಿಯವರೆಲ್ಲ ದನಕರುಗಳ ಸಮೇತ ಉಳಿದುಕೊಂಡರು. ಊರಿನವರು ಇವನನ್ನು ಹೆಗಲ ಮೇಲೆ ಹೊರಲು ಬಂದರೆ "ಮುಂದಿನ ಸಲಕ್ಕೆ ಅಂತ ಉಳಿದಿದ್ದೀರಿ, ಅಷ್ಟೇ" ಎಂದು ಒಳಗೆ ಹೋಗಿಬಿಟ್ಟ.

ಅವನಿಗೆ ಹರ್ನಿಯಾ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ನಾನೇ ಆ ಬೋಳು ಪುಸ್ತಕವನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದೆ. ನನ್ನ ಓದು ಎಂಟನೆಯ ಕ್ಲಾಸು, ಹನ್ನೆರಡು ದಿನ ಹಿಡಿಯಿತು. ಅದರಲ್ಲಿ ಸುಳ್ಳೇನೂ ಇರಲಿಲ್ಲ, ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಬರೆದವನ ಅಂಗಿಯನ್ನು ಬೇರೆ ಯಾರೋ ಒಗೆಯುತ್ತಿದ್ದರು ಎಂದು ಪ್ರತಿ ಹಾಳೆಯಲ್ಲೂ ಗೊತ್ತಾಗುತ್ತಿತ್ತು. ನನ್ನ ಅಮ್ಮ ಹಸು ಕರೆಯುತ್ತಾ ಇದೇ ಮಾತುಗಳನ್ನೆಲ್ಲ ಹೇಳುತ್ತಿದ್ದಳು. ಬದುಕು ಅಂದರೆ ಹಾಳು, ಯಾಕಾದರೂ ಹುಟ್ಟಿದೆನೋ ಅನ್ನುತ್ತಿದ್ದಳು. ಅಂದು, ಹಾಲಿನ ಬಕೆಟ್ಟು ಎತ್ತಿಕೊಂಡು ಏಳುತ್ತಿದ್ದಳು. ಪಂಡಿತ ಏಳದೆ ಅಲ್ಲೇ ಕೂತುಬಿಟ್ಟಿದ್ದ, ನನ್ನ ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಮದುವೆಯಾದ ಮೂರನೆಯ ವರ್ಷ, ನನಗೆ ಇಪ್ಪತ್ತನಾಲ್ಕು, ಬಸಿರಾದೆ. ಸಂಜೆ ಅವನು ನದಿಯಿಂದ ಬಂದಾಗ ಹೇಳಿದೆ. ಅವನು ಒದ್ದೆ ಬೂಟು ಬಿಚ್ಚದೆ ಬಹಳ ಹೊತ್ತು ಕೂತ. ಆಮೇಲೆ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಮಾತಾಡಿದ.

"ಅದಕ್ಕೆ ಈಗ ಏನೂ ನೋವಿಲ್ಲ, ಲಿಕ್ಸಾಂದ್ರಾ. ಹಸಿವಿಲ್ಲ, ಭಯ ಇಲ್ಲ. ನಾವಾಗಿ ನಾವೇ ಅದನ್ನ ಇಲ್ಲಿಗೆ ಎಳ್ಕೊಂಡು ಬಂದು ನರಳಿಸೋದು ಯಾಕೆ? ಬೇಡ. ಅದಕ್ಕೆ ನಾವು ಮಾಡಬಹುದಾದ ಒಳ್ಳೇದು ಇದೊಂದೇ."

ಅವನು ಓದಿದವನು, ನಾನು ಓದದವಳು. ಅಷ್ಟು ಪ್ರೀತಿಯಿಂದ ಹೇಳಿದ್ದನ್ನು ಎದುರಿಸಲು ನನಗೆ ಮಾತು ಬರಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಆಗ ಕಾನೂನು ಬಹಳ ಬಿಗಿ, ಸಿಕ್ಕಿಬಿದ್ದರೆ ಇಬ್ಬರಿಗೂ ಜೈಲು. ಎರಡು ಊರಿನಾಚೆ ಬಸಿರು ಇಳಿಸುವ ಒಬ್ಬ ಮುದುಕಿ ಇದ್ದಳು. ಅವನೇ ಗಾಡಿ ಕಟ್ಟಿ ಕರೆದುಕೊಂಡು ಹೋದ, ಅವನೇ ಕರೆದುಕೊಂಡು ಬಂದ. ಬಂದಮೇಲೆ ಹನ್ನೊಂದು ದಿನ ಜ್ವರ. ಆ ಹನ್ನೊಂದು ದಿನ ಅವನು ನನ್ನ ತಲೆದೆಸೆ ಬಿಟ್ಟು ಏಳಲಿಲ್ಲ, ನದಿಯ ಲೆಕ್ಕವನ್ನು ಪಕ್ಕದ ಮನೆಯವನು ಹೇಳಿದ. ನಾನು ಬದುಕಿದೆ. ಮತ್ತೆ ಬಸಿರಾಗಲಿಲ್ಲ. ಊರಿಗೆ ಜ್ವರ ಎಂದೇ ಹೇಳಿದೆವು, ನಮ್ಮನಮ್ಮಲ್ಲೂ ಜ್ವರ ಎಂದೇ ಹೇಳಿಕೊಂಡೆವು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಎದ್ದಿಲ್ಲ.

ನಮ್ಮ ಕಡೆ ಸತ್ತವರ ಹೆಸರಿನಲ್ಲಿ ಇಲ್ಲಿ ಕೊಟ್ಟದ್ದು ಅಲ್ಲಿ ಅವರಿಗೆ ಸಿಗುತ್ತದೆ. ರೊಟ್ಟಿ ಕೊಟ್ಟರೆ ರೊಟ್ಟಿ, ಅಂಗಿ ಕೊಟ್ಟರೆ ಅಂಗಿ, ನೀರು ಕೊಟ್ಟರೆ ನೀರು. ಕೊಡದಿದ್ದರೆ ಇಲ್ಲ. ನಾನು ಒಮ್ಮೆ ಹಳೆಯ ಪಾದ್ರಿಗಳ ಹತ್ತಿರ ಹೋಗಿ, ನನ್ನ ಗೆಳತಿಯೊಬ್ಬಳ ವಿಷಯ ಎಂದು ಸುಳ್ಳು ಹೇಳಿ, ಹೊಟ್ಟೆಯಲ್ಲೇ ಹೋದ ಮಗುವಿಗೆ ಏನಾದರೂ ಕೊಡಬಹುದೇ ಎಂದು ಕೇಳಿದ್ದೆ. "ಜ್ಞಾನಸ್ನಾನ ಆಗದ್ದಕ್ಕೆ ಹೆಸರಿಲ್ಲ, ಹೆಸರಿಲ್ಲದ್ದಕ್ಕೆ ಸತ್ತವರ ಪಟ್ಟಿಯಲ್ಲಿ ಜಾಗ ಇಲ್ಲ ಮಗಳೇ. ನಿನ್ನ ಗೆಳತಿಗೆ ಉಪವಾಸ ಮಾಡೋಕೆ ಹೇಳು" ಎಂದರು. ಉಪವಾಸ ಮಾಡಿದೆ. ಅಲ್ಲಿ ಒಂದು ಕೂಸು ಹಸಿದುಕೊಂಡು ಕೂತಿದೆ ಎಂಬುದು ಮನಸ್ಸಿನಿಂದ ಹೋಗಲಿಲ್ಲ. ಪಂಡಿತನ ಪ್ರಕಾರ ಅದು ಏನನ್ನೂ ಕಳೆದುಕೊಂಡಿಲ್ಲ. ಆದರೆ ನನ್ನ ಪ್ರಕಾರ ಅದಕ್ಕೆ ಒಂದು ಚೆರ್ರಿ ಹಣ್ಣೂ ಸಿಕ್ಕಿರಲಿಲ್ಲ.

ವರ್ಷಗಳು ಹೋದವು. ನದಿಯ ದಂಡೆಯಲ್ಲಿ ಯಂತ್ರ ಕೂತಿತು, ಅದೇ ಅಳೆದು ಅದೇ ಆಫೀಸಿಗೆ ಹೇಳತೊಡಗಿತು. ಪಾಂತೇಲಿ ಮನೆಗೆ ಬಂದ. ಅವನಿಗೆ ಎಪ್ಪತ್ತೆರಡಾಯಿತು, ನನಗೆ ಅರವತ್ತೊಂಬತ್ತು. ಮಕ್ಕಳಿಲ್ಲದವರು ನಮ್ಮ ಊರಿನಲ್ಲಿ ಆ ವಯಸ್ಸಿಗೆ ಬಂದಾಗ ತಮ್ಮ ತಿಥಿಯನ್ನು ಬದುಕಿರುವಾಗಲೇ ತಾವೇ ಮಾಡಿಕೊಳ್ಳುತ್ತಾರೆ. ಸತ್ತಮೇಲೆ ಮಾಡುವವರು ಯಾರಿದ್ದಾರೆ? ಮೇಜು ಹಾಕಿಸಿ, ಪಾದ್ರಿಗಳನ್ನು ಕರೆಸಿ, ಊರಿಗೆ ಊಟ ಹಾಕಿ, ತನಗೆ ಅಲ್ಲಿ ಬೇಕಾದ ಬಟ್ಟೆ, ಹಾಸಿಗೆ, ತಟ್ಟೆ, ಲೋಟಗಳನ್ನು ತನ್ನದೇ ವಯಸ್ಸಿನ ಒಬ್ಬರಿಗೆ ತನ್ನ ಕೈಯಾರೆ ಕೊಡಬೇಕು. ಕೈಯಾರೆ ಕೊಡಬೇಕು ಎಂಬುದೇ ಮುಖ್ಯ. ಹೆಂಡತಿ ಗಂಡನ ಪರವಾಗಿ ಕೊಟ್ಟರೆ ಅದು ಸಲ್ಲುವುದಿಲ್ಲ.

ನಾನು ಈ ಮಾತು ತೆಗೆದದ್ದು ಚಳಿಗಾಲದ ಕೊನೆಯಲ್ಲಿ. ನನ್ನ ನಾದಿನಿ ದುಮಿತ್ರಾನಾ, ಅಂದರೆ ಪಾಂತೇಲಿಯ ತಂಗಿ, ಅವತ್ತು ಮನೆಯಲ್ಲಿದ್ದಳು.

"ನಾನು ಬರಲ್ಲ. ಇಲ್ಲದ ಊರಿಗೆ ಬುತ್ತಿ ಯಾಕೆ?" ಎಂದ ಪಾಂತೇಲಿ.

"ಇದ್ರೆ?" ಎಂದೆ.

"ಇದ್ರೆ ಇನ್ನೂ ಕಷ್ಟ. ಇಲ್ಲಿ ತಿಂದಿದ್ದು ಸಾಲ್ದೂ ಅಂತ ಅಲ್ಲೂ ತಿನ್ನೋದಾ? ನಂಗೆ ಸಾಕಾಗಿದೆ."

ದುಮಿತ್ರಾನಾ ನಕ್ಕಳು. "ಅಣ್ಣಾ, ಕೂಸು ಹುಟ್ಟೋಕ್ಕೆ ಮುಂಚೆ ಕುಲಾವಿ ಹೊಲಿಸಿದ್ರು ಅಂತಾರಲ್ಲ, ಹಂಗಾಯ್ತು ನೋಡು. ಅತ್ತಿಗೆ ಸಾಯೋಕ್ಕೆ ಮುಂಚೇನೇ ತಿಥಿ ಮಾಡ್ಕೋತಾಳೆ." ಅವಳಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಬಾಯಿಗೆ ಬಂದ ಗಾದೆ. ನಾನು ಎದ್ದು ಒಲೆಗೆ ಸೌದೆ ಹಾಕಿದೆ. ಪಾಂತೇಲಿ ಕಿಟಕಿಯ ಕಡೆ ತಿರುಗಿದ.

ವಾರಗಟ್ಟಲೆ ಹೇಳಿದೆ. ಪಾದ್ರಿ ಗಾವ್ರಿಲ್ ಬಂದು ಹೇಳಿದರು. ಅವರು ಚಿಕ್ಕ ವಯಸ್ಸಿನವರು, ಎಲ್ಲ ಕೆಲಸವನ್ನೂ ಕಾರಿನ ಇಂಜಿನ್ ಆರಿಸದೆ ಮಾಡುವವರು.

"ಪಾಂತೇಲಿಯವರೇ, ನಂಬಿಕೆ ಇಲ್ಲದಿದ್ರೂ ಪರವಾಗಿಲ್ಲ, ಊಟ ಹಾಕಿ. ತಿನ್ನೋರು ನಂಬ್ತಾರೆ" ಎಂದರು.

"ಸುಳ್ಳು ಮೇಜಿನ ಮೇಲೆ ಕೈ ಇಡೋಕಾಗಲ್ಲ ಪಾದ್ರಿಗಳೇ. ಬಾಳೆಲ್ಲ ಒಂದನ್ನ ಸರಿ ಅಂತ ನಂಬಿ, ಕೊನೇಲಿ ಎಲೆಕೋಸಿನ ಸುರುಳಿಗೋಸ್ಕರ ಬಿಟ್ಕೊಡೋದಾ?"

"ಹಂಗಾದ್ರೆ ನಾನೊಬ್ಬಳೇ ಮಾಡ್ಕೋತೀನಿ. ಅಲ್ಲಿಗೆ ಬಂದು ನನ್ನ ತಟ್ಟೆಗೆ ಕೈ ಹಾಕ್ಬೇಡ, ಹೇಳಿರ್ತೀನಿ" ಎಂದೆ.

"ಹಾಕಲ್ಲ" ಎಂದ. ಅದನ್ನೂ ಅಷ್ಟೇ ಮೆಲ್ಲಗೆ ಹೇಳಿದ.

ಈಸ್ಟರ್ ಕಳೆಯಿತು. ಒಂದು ಮಧ್ಯಾಹ್ನ ಇಬ್ಬರೂ ಬಿತ್ತನೆ ಆಲೂಗೆಡ್ಡೆ ಆರಿಸುತ್ತಿದ್ದೆವು. ನನಗೆ ಸೊಂಟ ನೋಯುತ್ತಿತ್ತು. ಬೇರೆ ಕಾರಣವೇನೂ ಇರಲಿಲ್ಲ, ಸೊಂಟ ನೋಯುತ್ತಿತ್ತು ಅಷ್ಟೇ, ಬಾಯಿಯಿಂದ ಬಂದುಬಿಟ್ಟಿತು.

"ಮಗು ಇದ್ದಿದ್ರೆ ನಿನ್ನ ಹತ್ರ ನಾನು ಇದನ್ನ ಬೇಡ್ತಿರ್ಲಿಲ್ಲ."

ನಲವತ್ತೈದು ವರ್ಷದಲ್ಲಿ ಆ ವಿಷಯವಾಗಿ ಆಡಿದ ಮೊದಲ ಮಾತು. ಅವನ ಕೈಯಲ್ಲಿ ಒಂದು ಆಲೂಗೆಡ್ಡೆ ಇತ್ತು. ಅದನ್ನು ಒಳ್ಳೆಯದರ ಬುಟ್ಟಿಗೆ ಹಾಕಬೇಕೋ ಕೊಳೆತದ್ದರ ಬುಟ್ಟಿಗೆ ಹಾಕಬೇಕೋ ತಿಳಿಯದವನ ಹಾಗೆ ಹಿಡಿದುಕೊಂಡೇ ಕೂತ. ಮಾರನೆಯ ದಿನ ಬೆಳಿಗ್ಗೆ ಎದ್ದವನೇ ಪೆನ್ನು ಕೇಳಿದ.

"ಸತ್ತವರ ಪಟ್ಟಿ ನಾನೇ ಬರೀತೀನಿ. ನಿನ್ನ ಅಕ್ಷರ ಪಾದ್ರಿಗೆ ಓದಕ್ಕಾಗಲ್ಲ" ಎಂದ.

ನಾನು ಏನೂ ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾದೀತು ಎಂಬ ಭಯ. ಪೆಂಟೆಕೋಸ್ಟ್ ಹಬ್ಬದ ಹಿಂದಿನ ಶನಿವಾರ ನಮ್ಮಲ್ಲಿ ಹಿರಿಯರ ಶನಿವಾರ. ಮನೆಮನೆಯಲ್ಲೂ ಸತ್ತವರ ಹೆಸರಿನಲ್ಲಿ ಹೊಸ ಮಣ್ಣಿನ ತಟ್ಟೆ, ಲೋಟ, ಚೆರ್ರಿ ಹಣ್ಣು ಕೊಡುವ ದಿನ. ಅದೇ ದಿನ ಎಂದು ನಿಶ್ಚಯ ಮಾಡಿದೆವು. ಕುಂಬಾರರ ಗಾಡಿಯಿಂದ ತಟ್ಟೆಗಳನ್ನು ಕೊಂಡೆ. ಒಡೆದರೆ ಬೇಕಾದೀತು, ಎರಡು ಹೆಚ್ಚಿಗೆ ಇರಲಿ ಎಂದು ಪಾಂತೇಲಿಯೇ ಹೇಳಿದ. ಗೋಧಿ ಬೇಯಿಸಿ ಸಕ್ಕರೆ, ಅಕ್ರೋಟು ಬೆರೆಸಿದೆವು. ದುಮಿತ್ರಾನಾ ಮತ್ತು ಅವಳ ಸೊಸೆ ಎರಡು ದಿನ ನಮ್ಮ ಅಂಗಳದಲ್ಲೇ ಇದ್ದು ಕೋಸಿನ ಸುರುಳಿ ಸುತ್ತಿದರು, ಮೀನು ಹುರಿದರು, ರೊಟ್ಟಿ ಬೇಯಿಸಿದರು.

ಪಾಂತೇಲಿಯ ಬಟ್ಟೆ ತೆಗೆದುಕೊಳ್ಳಲು ಒಪ್ಪಿದವನು ಊರ ದನ ಕಾಯುವ ಇಲಾರಿಯೆ. ಅವನಿಗೂ ಎಪ್ಪತ್ತು ದಾಟಿದೆ. ಹೊಸ ಕೋಟನ್ನು ಹಾಕಿಕೊಂಡು ಅಂಗಳದಲ್ಲಿ ಒಂದು ಸುತ್ತು ಬಂದ.

"ಅಣ್ಣಾ, ಕಂಕುಳಲ್ಲಿ ಸ್ವಲ್ಪ ಬಿಗಿ. ನಂಗೇನೋ ಪರವಾಗಿಲ್ಲ, ಅಲ್ಲಿ ಹಾಕ್ಕೊಳ್ಳೋನು ನೀನಲ್ವಾ, ಕೈ ಎತ್ತೋಕಾಗಲ್ಲ" ಎಂದ.

"ನಾನು ಇಲ್ಲೂ ಕೈ ಎತ್ತಿದೋನಲ್ಲ. ಇರ್ಲಿ ಬಿಡು" ಎಂದ ಪಾಂತೇಲಿ.

ಆ ಶನಿವಾರ ಬಿಸಿಲು ಚೆನ್ನಾಗಿತ್ತು. ಅಂಗಳದ ಉದ್ದಕ್ಕೂ ಮೇಜು ಹಾಕಿದ್ದೆವು. ಅರವತ್ತು ಜನ ಬಂದರು. ನಮ್ಮಿಬ್ಬರನ್ನು ಮೇಜಿನ ತಲೆಯಲ್ಲಿ ಕೂರಿಸಿ ಕೈಗೆ ಒಂದೊಂದು ಮೇಣದ ಬತ್ತಿ ಕೊಟ್ಟರು. ಪಾಂತೇಲಿ ಬಿಳಿ ಅಂಗಿ ಹಾಕಿ, ಕೂದಲು ಬಾಚಿ, ಮಡಿಲಲ್ಲಿ ಬತ್ತಿ ಹಿಡಿದು ಕೂತಿದ್ದ. ನನಗೆ ಇಷ್ಟು ಸಾಕು ಅನ್ನಿಸಿತು. ಬಂದು ಕೂತಿದ್ದಾನಲ್ಲ, ಇನ್ನು ಅಲ್ಲಿ ಇಬ್ಬರಿಗೂ ಒಂದು ತುತ್ತು ಸಿಗುತ್ತದೆ. ಹೆಚ್ಚು ಸಂತೋಷ ಪಡಲು ಶಕ್ತಿಯೂ ಉಳಿದಿರಲಿಲ್ಲ. ಎರಡು ದಿನದಿಂದ ನಿಂತು ನಿಂತು ಕಾಲು ಊದಿಕೊಂಡಿದ್ದವು.

ಪಾದ್ರಿ ಗಾವ್ರಿಲ್ ಪಟ್ಟಿಯನ್ನು ಕೈಗೆತ್ತಿಕೊಂಡರು. ಅವರಿಗೆ ಅವತ್ತು ಇನ್ನೂ ನಾಲ್ಕು ಮನೆಗಳಿದ್ದವು. ಮೂಗಿನಿಂದ ಒಂದೇ ಉಸಿರಿಗೆ ಓದತೊಡಗಿದರು. ಪಾಂತೇಲಿಯ ಅಪ್ಪ, ಅಮ್ಮ, ನನ್ನ ಅಪ್ಪ, ಅಮ್ಮ, ಅಜ್ಜಂದಿರು, ಯುದ್ಧದಲ್ಲಿ ಹೋದ ಚಿಕ್ಕಪ್ಪ, ದುಮಿತ್ರಾನಾಳ ಗಂಡ ನ್ಯಾಗು. ಹೆಂಗಸರು ಒಂದೊಂದು ಹೆಸರಿಗೂ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ನ್ಯಾಗು ಆದಮೇಲೆ ಮುಗಿಯಬೇಕಿತ್ತು.

"ಮಾತೇಯಿ" ಎಂದು ಓದಿದರು ಪಾದ್ರಿಗಳು. ಓದಿ, ಪಟ್ಟಿಯನ್ನು ಮಡಿಸಿ, ಪ್ರಾರ್ಥನೆ ಹೇಳಿ, ಧೂಪ ಬೀಸಿ, ಆಮೆನ್ ಎಂದೂ ಬಿಟ್ಟರು.

ದುಮಿತ್ರಾನಾ ನನ್ನ ಕಡೆ ಬಗ್ಗಿದಳು. "ಮಾತೇಯಿ ಯಾರು ಅತ್ತಿಗೆ? ನಿಮ್ಮ ಕಡೆಯೋರಾ?"

ನಮ್ಮ ಕಡೆ ಮಾತೇಯಿ ಎಂಬವರು ಯಾರೂ ಇಲ್ಲ. ಅವರ ಕಡೆಯೂ ಇಲ್ಲ. ನಾನು ಪಾಂತೇಲಿಯನ್ನು ನೋಡಿದೆ. ಅವನು ಬತ್ತಿಯನ್ನೇ ನೋಡುತ್ತಿದ್ದ.

"ನಮ್ಮೋನೇ. ಚಿಕ್ಕೋನಿದ್ದಾಗಲೇ ಹೋದ" ಎಂದ ತಂಗಿಗೆ.

ದುಮಿತ್ರಾನಾ ನನ್ನ ಮುಖ ನೋಡಿದಳು. ಏನು ಕಂಡಳೋ, ಎದ್ದು ಅಡುಗೆಮನೆಗೆ ಹೋದಳು. ಪಾದ್ರಿಗಳಿಗೆ ಆಗ ಅನುಮಾನ ಬಂದಿರಬೇಕು, ಮಡಿಸಿದ ಪಟ್ಟಿಯನ್ನು ಮತ್ತೆ ಬಿಚ್ಚಿ ನೋಡಿದರು. ಜ್ಞಾನಸ್ನಾನ ಆಗಿತ್ತೇ ಎಂದು ಕೇಳಬೇಕಾದದ್ದು ಅವರ ಧರ್ಮ. ಆದರೆ ಓದಿ ಆಗಿತ್ತು, ಅರವತ್ತು ಜನ ಆಮೆನ್ ಎಂದಾಗಿತ್ತು. ದೇವರಿಗೆ ತಲುಪಿದ ಹೆಸರನ್ನು ವಾಪಸ್ಸು ತರಿಸುವ ಪ್ರಾರ್ಥನೆ ಅವರ ಪುಸ್ತಕದಲ್ಲಿಲ್ಲ. ಪಟ್ಟಿಯನ್ನು ಮಡಿಸಿ ಮೇಜಿನ ಮೇಲಿಟ್ಟು, ಒಂದು ಲೋಟ ಪ್ಲಮ್ ಸಾರಾಯಿ ಕುಡಿದು, ಮುಂದಿನ ಮನೆಗೆ ಹೊರಟರು.

ಜನ ಊಟಕ್ಕೆ ಕೈ ಹಾಕಿದರು. ನಮ್ಮ ಸುತ್ತ ಚಮಚಗಳ ಸದ್ದು.

"ಹೆಸರು ಯಾವಾಗ ಇಟ್ಟೆ?" ಎಂದು ಕೇಳಿದೆ.

"ಅವತ್ತೇ. ವಾಪಸ್ ಬರುವಾಗ, ಗಾಡೀಲಿ. ನೀನು ನಿದ್ದೆ ಮಾಡ್ತಿದ್ದೆ."

"ನಿದ್ದೆ ಮಾಡ್ತಿರ್ಲಿಲ್ಲ."

ಅವನು ತಲೆಯಾಡಿಸಿದ.

"ನಿನ್ನ ಪುಸ್ತಕ ಏನನ್ನುತ್ತೆ ಇದಕ್ಕೆ?"

"ಪುಸ್ತಕದಲ್ಲಿ ತಪ್ಪಿಲ್ಲ, ಲಿಕ್ಸಾಂದ್ರಾ. ಇವತ್ತಿಗೂ ಹುಡುಕ್ತೀನಿ, ತಪ್ಪು ಸಿಗಲ್ಲ. ಆದ್ರೆ ನಿನ್ನೂ ಒಂದು ಮಾತು ಕೇಳಬೇಕು ಅಂತ ಅದರಲ್ಲಿ ಎಲ್ಲೂ ಬರೆದಿರ್ಲಿಲ್ಲ. ನಂಗೂ ಹೊಳೀಲಿಲ್ಲ."

ಈ ಮಾತಿಗೆ ನಲವತ್ತೈದು ವರ್ಷ ಕಾದಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಯುವುದನ್ನು ಬಿಟ್ಟೇ ಎಷ್ಟೋ ವರ್ಷವಾಗಿತ್ತು. ಕ್ಷಮಿಸಿದೆನೇ ಎಂದರೆ, ಇಲ್ಲ, ಕ್ಷಮಿಸಲಿಲ್ಲ. ಆದರೆ ಅಷ್ಟು ವರ್ಷ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದ ಮೂಟೆಯ ಇನ್ನೊಂದು ತುದಿಯನ್ನು ಯಾರೋ ಹಿಡಿದಿದ್ದರು ಎಂದು ತಿಳಿದಾಗ ನನಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬಂತು. ಹಿಡಿದಿದ್ದೇನೆ ಎಂದು ಹೇಳಬಾರದಿತ್ತೇ?

"ನಾನು ಹೆಣ್ಣು ಅಂದ್ಕೊಂಡಿದ್ದೆ. ಸಾಫ್ತಾ ಅಂತ ಕರೀತಿದ್ದೆ" ಎಂದೆ.

ಅವನು ನನ್ನ ಕಡೆ ತಿರುಗಿದ. ಆ ಮುಖದಲ್ಲಿ ಅಂಥ ಗಾಬರಿಯನ್ನು ನಾನು ನದಿ ಉಕ್ಕಿದಾಗಲೂ ನೋಡಿರಲಿಲ್ಲ. ಆಮೇಲೆ ಎದ್ದ. ಹೆಚ್ಚಿಗೆ ತಂದಿದ್ದ ಎರಡು ತಟ್ಟೆಗಳನ್ನು ತಾನೇ ಒಳಗಿನಿಂದ ತಂದು, ಎರಡಕ್ಕೂ ಒಂದೊಂದು ರೊಟ್ಟಿ ಇಟ್ಟು, ಚೆರ್ರಿ ತುಂಬಿ, ಬತ್ತಿ ಹಚ್ಚಿದ. ಒಂದನ್ನು ನನ್ನ ಕೈಗೆ ಕೊಟ್ಟ. ಇನ್ನೊಂದನ್ನು ತಾನು ಹಿಡಿದುಕೊಂಡು ಮೇಜಿನ ಉದ್ದಕ್ಕೂ ಜನರ ಮುಖ ನೋಡುತ್ತಾ ನಡೆದ. ಕೊನೆಗೆ ಬಸ್ಸಿನ ಡ್ರೈವರ್ ತ್ರಾಯನ್ ಎಂಬವನ ಮುಂದೆ ನಿಂತ. ತ್ರಾಯನ್ ದಪ್ಪ ಮನುಷ್ಯ, ತಲೆ ಅರ್ಧ ಬೋಳಾಗಿದೆ.

"ತಗೊಳ್ಳಪ್ಪ. ಇಲ್ಲಿ ನಿಂಗೆ, ಅಲ್ಲಿ ಮಾತೇಯಿಗೆ" ಎಂದ.

"ದೇವರು ಮುಟ್ಟಿಸ್ಲಿ" ಎಂದು ತ್ರಾಯನ್ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡ.

ನಾನೂ ತಟ್ಟೆ ಹಿಡಿದು ಸುತ್ತ ನೋಡಿದೆ. ದುಮಿತ್ರಾನಾಳ ಮೊಮ್ಮಗಳು, ಎರಡು ವರ್ಷದ್ದು, ಮೆಟ್ಟಿಲ ಮೇಲೆ ಕೂತು ರೊಟ್ಟಿ ಚೀಪುತ್ತಿತ್ತು. ಅದರ ಹತ್ತಿರ ಹೋಗಿ ಬಗ್ಗಿದೆ. ಹಿಂದಿನಿಂದ ಪಾಂತೇಲಿ ನನ್ನ ಮೊಣಕೈ ಹಿಡಿದ.

"ಆ ಕೂಸಿಗೆ ಯಾಕೆ ಕೊಡ್ತೀಯ?" ಎಂದ. "ಸಾಫ್ತಾಳಿಗೆ ಬರೋ ತಿಂಗಳಿಗೆ ನಲವತ್ತೈದು ತುಂಬುತ್ತೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷವೂ ನಾನು ಒಂದು ಕೂಸನ್ನೇ ಎತ್ತಿಕೊಂಡಿದ್ದೆ, ಬಟ್ಟೆಯಲ್ಲಿ ಸುತ್ತಿದ ಅದೇ ಕೂಸನ್ನು. ಹುಟ್ಟಲೇಬಾರದು ಎಂದವನು ಅದನ್ನು ವರ್ಷ ವರ್ಷವೂ ಬೆಳೆಸಿಕೊಂಡು ಬಂದಿದ್ದ. ಶಾಲೆಗೆ ಕಳಿಸಿದ್ದನೋ, ಮದುವೆ ಮಾಡಿದ್ದನೋ, ನಾನು ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಅಂಚೆ ಕಚೇರಿಯ ವೆರ್ಜೀನಿಯಾ ಕೂತಿದ್ದಲ್ಲಿಗೆ ಹೋದೆ. ಅವಳಿಗೆ ಕಿವಿಯ ಪಕ್ಕ ಕೂದಲು ನರೆತಿದೆ, ಕಣ್ಣಿಗೆ ಕನ್ನಡಕ ಬಂದಿದೆ. ಇಲ್ಲಿ ನಿನಗೆ, ಅಲ್ಲಿ ಸಾಫ್ತಾಳಿಗೆ ಎಂದು ತಟ್ಟೆಯನ್ನು ಅವಳ ಕೈಗೆ ಕೊಟ್ಟೆ. ದೇವರು ಮುಟ್ಟಿಸಲಿ ಎಂದಳು. ಒಂದು ಚೆರ್ರಿ ಬಾಯಿಗೆ ಹಾಕಿಕೊಂಡು, "ಸಿಹಿ ಇದೆ ಅಕ್ಕಾ. ಯಾವ ಮರದ್ದು?" ಎಂದು ಕೇಳಿದಳು. ನಮ್ಮ ಮನೆಯದೇ ಎಂದೆ.